ಕರಗದ ಊರಲ್ಲಿ ದುರ್ಯೋಧನ

ಬೆಂಗಳೂರಿನ ಸುತ್ತಮುತ್ತ ಪೌರಾಣಿಕ ನಾಟಕ ಆಡುವವರಿಗೆ ಇದು ಗೊತ್ತಿರುವ ವಿಷಯವೇ. ‘ಕುರುಕ್ಷೇತ್ರ’ ಆಡೋಣ ಅಂತ ಮಾತು ಬಂದ ಕೂಡಲೇ ಕೃಷ್ಣ, ದುರ್ಯೋಧನ ಈ ಎರಡು ಪಾತ್ರಕ್ಕೆ ಜನ ಮುಗಿಬೀಳುತ್ತಾರೆ. ಇಲ್ಲಿ ನಟರಿಗೆ ಯಾರೂ ಸಂಬಳ ಕೊಡುವುದಿಲ್ಲ. ನಾವೇ ಕೈಯಿಂದ ದುಡ್ಡು ಹಾಕಿ ಪಾತ್ರ ತಗೋಬೇಕು. ಹಾಡು ಜಾಸ್ತಿ ಇರುವ ಪಾತ್ರಕ್ಕೆ ರೇಟೂ ಜಾಸ್ತಿ. ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಮೇಷ್ಟ್ರ ಸಂಭಾವನೆ, ಸೀನರಿ, ಡ್ರೆಸ್ಸು, ಮೈಕು, ದ್ರೌಪದಿ ಕುಂತಿ ಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಎಲ್ಲರ ಊಟ, ಎಲ್ಲ ಆ ದುಡ್ಡಿನಲ್ಲೇ ನಡೆಯಬೇಕು. ನಾನು ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುವವನು, ಮನೆ ಸುಂಕದಕಟ್ಟೆಯಲ್ಲಿ. ಚೀಟಿ ಎತ್ತಿದ ದುಡ್ಡನ್ನು ದುರ್ಯೋಧನನಿಗೆ ಕಟ್ಟಿ ಬಂದೆ ಅಂದಾಗ ನನ್ನ ಹೆಂಡತಿ, “ಅಷ್ಟು ದುಡ್ಡು ಕೊಟ್ಟು ಊರವರ ಹತ್ತಿರ ಬೈಸಿಕೊಳ್ಳೋಕೆ ಹೋಗ್ತೀರಲ್ಲ, ಧರ್ಮರಾಯನ ಪಾರ್ಟಾದ್ರೂ ತಗೋಬಾರದಿತ್ತಾ ರೀ” ಅಂದಳು. ಧರ್ಮರಾಯನ ಪಾರ್ಟು ಅಗ್ಗ, ಅದೂ ನಿಜ.

ಅವಳ ಮಾತಿನಲ್ಲಿ ಇನ್ನೊಂದು ಅರ್ಥವೂ ಇತ್ತು. ನಮ್ಮಮ್ಮನ ತವರು ತಿಗಳರಪೇಟೆ ಹತ್ತಿರ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ದ್ರೌಪದಿಯ ಹೂವಿನ ಕರಗ ಹೊರಡುವಾಗ, ವೀರಕುಮಾರರು ಕತ್ತಿ ಹಿರಿದು ಜೊತೆಗೆ ಓಡುವಾಗ, ಬೀದಿ ಪಕ್ಕ ನಿಂತು ಮಲ್ಲಿಗೆ ಎರಚುವವರಿಗೆ ದ್ರೌಪದಿ ಅಂದರೆ ಕಥೆಯಲ್ಲಿ ಬರುವ ಹೆಂಗಸಲ್ಲ, ತಾಯಿ, ಆದಿಶಕ್ತಿ. ಅಂಥ ಊರಲ್ಲಿ ಆಕೆಯ ಸೀರೆಗೆ ಕೈಹಾಕಿಸಿದವನ ಪಾತ್ರ ಮಾಡಿ, ಅವನಲ್ಲೂ ಒಂದು ದೊಡ್ಡತನ ಇತ್ತು ಅಂತ ತೋರಿಸೋದು ಹೇಗೆ? ನನ್ನ ತಲೆಕೆಡಿಸಿದ್ದು ಇದೇ. ಹಾಡಿನ ವಿಷಯ ಆಮೇಲೆ.

ಸುಲಭದ ದಾರಿ ಎರಡಿದ್ದವು. ಒಂದು, ಹಳೇ ದಾರಿ. ಮೀಸೆ ತಿರುವು, ಅಟ್ಟಹಾಸ ಮಾಡು, ಗದೆ ತಿರುಗಿಸು, ಒನ್ಸ್ ಮೋರ್ ತಗೋ, ಸಾಯಿ. ಇನ್ನೊಂದು ಈಗಿನ ಕಾಲದ್ದು. ಪಾಪ ಅವನದ್ದೇನೂ ತಪ್ಪಿಲ್ಲ, ಅಪ್ಪ ಕುರುಡ, ಮಾವ ಕುತಂತ್ರಿ, ಕೃಷ್ಣ ಮೋಸಗಾರ ಅಂತ ಒಂದೊಂದಾಗಿ ಲೆಕ್ಕ ಹೇಳಿ ಅವನನ್ನು ತೊಳೆದು ಮಡಿ ಮಾಡಿ ಕೂರಿಸೋದು. ಎರಡನೆಯದರ ಮೇಲೆ ನನಗೆ ಇನ್ನೂ ಸಿಟ್ಟು ಜಾಸ್ತಿ. ತಪ್ಪು ಮಾಡದವನಿಗೆ ಬಿಡುಗಡೆ ಯಾತಕ್ಕೆ? ಅವನು ಮಾಡಿದ್ದನ್ನು ಪೂರ್ತಿ ಮಾಡಿ ತೋರಿಸಬೇಕು, ಆಮೇಲೆ ಅವನಲ್ಲಿ ಇನ್ನೇನು ಉಳಿಯುತ್ತೆ ನೋಡಬೇಕು. ನಾನು ಹೋಗಿದ್ದು ಈ ದಾರಿಯಲ್ಲಿ.

ನಮ್ಮ ಆಟದಲ್ಲಿ ದ್ಯೂತದ ಸೀನನ್ನೂ ಸೇರಿಸಿದ್ದೆವು. ದುರ್ಯೋಧನ ಎಡತೊಡೆಯ ಬಟ್ಟೆ ಸರಿಸಿ ದ್ರೌಪದಿಗೆ ತೋರಿಸುವ ಜಾಗ ಅದು. ಮೂಲ ಭಾರತದಲ್ಲಿ ಅವನು ಅದನ್ನು ನಗುತ್ತಾ ಮಾಡುತ್ತಾನೆ, ಭೀಮನನ್ನು ಕೆಣಕೋದಕ್ಕೆ. ಈ ವಿವರ ನನಗೆ ದಾರಿ ತೋರಿಸಿತು. ಸಾಮಾನ್ಯವಾಗಿ ಎಲ್ಲರೂ ದ್ರೌಪದಿಯನ್ನು ದುರುಗುಟ್ಟಿಕೊಂಡು ತೊಡೆ ತಟ್ಟುತ್ತಾರೆ. ನಾನು ಆಕೆಯ ಕಡೆ ತಿರುಗಲೇ ಇಲ್ಲ. ಕಣ್ಣು ಭೀಮನ ಮೇಲೆ, ಕೈ ಮಾತ್ರ ಪಂಚೆಯ ನೆರಿಗೆ ಹಿಡಿದು ನಿಧಾನವಾಗಿ ಸರಿಸುತ್ತೆ, ತುಟಿಯಲ್ಲಿ ಸಣ್ಣ ನಗು. ಅಟ್ಟಹಾಸ ಇಲ್ಲ. ತಾಲೀಮಿನಲ್ಲಿ ಇದನ್ನು ನೋಡಿದ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ, “ಏನಪ್ಪಾ ಇದು, ದುರ್ಯೋಧನನಿಗೆ ಜ್ವರ ಬಂದಿದೆಯಾ” ಅಂತ ಕೇಳಿದರು. ಆದರೆ ದ್ರೌಪದಿ ಪಾತ್ರದವರು ಎಷ್ಟೋ ವರ್ಷದಿಂದ ಊರೂರು ತಿರುಗಿ ಆ ಪಾತ್ರ ಮಾಡಿದವರು, ಅವರು ಹೇಳಿದ್ದೇ ಬೇರೆ. “ಅಣ್ಣಾ, ನೀವು ನನ್ನ ಕಡೆ ನೋಡದೆ ಮಾಡಿದ್ದೇ ಜಾಸ್ತಿ ಉರೀತು. ಹಾಗೇ ಇಟ್ಕೊಳ್ಳಿ.”

ಅವರು ಹೇಳಿದ ಮೇಲೆ ನನಗೂ ಸ್ಪಷ್ಟವಾಯಿತು. ಆ ಸಭೆಯಲ್ಲಿ ಅವನ ಪಾಲಿಗೆ ದ್ರೌಪದಿ ಅನ್ನುವ ಮನುಷ್ಯಳೇ ಇಲ್ಲ. ಐದು ಜನ ಗಂಡಸರಿಗೆ ಚುಚ್ಚೋದಕ್ಕೆ ಸಿಕ್ಕಿದ ಒಂದು ಮುಳ್ಳು ಅಷ್ಟೇ ಆಕೆ. ಇದಕ್ಕಿಂತ ಕೆಟ್ಟದ್ದು ಏನಿದೆ? ಅದನ್ನು ಒಂದು ಚೂರೂ ಮೆತ್ತಗೆ ಮಾಡಲಿಲ್ಲ.

ಆಮೇಲೆ ಕರ್ಣ. ದುರ್ಯೋಧನ ಒಳ್ಳೆಯವನು ಅಂತ ವಾದ ಮಾಡುವವರೆಲ್ಲ ಮೊದಲು ತರೋದು ಕರ್ಣನ ಸ್ನೇಹ. ಸೂತಪುತ್ರ ಅಂತ ಎಲ್ಲರೂ ಹಂಗಿಸುವಾಗ ಅಂಗರಾಜ್ಯ ಕೊಟ್ಟ, ಜಾತಿ ನೋಡಲಿಲ್ಲ ಅಂತ. ಸರಿ, ಆದರೆ ಆ ಹೊತ್ತಿನಲ್ಲಿ ಅರ್ಜುನನಿಗೆ ಎದುರು ನಿಲ್ಲುವ ಬಿಲ್ಲುಗಾರ ಅವನಿಗೆ ಬೇಕೇ ಬೇಕಿತ್ತು ಅಲ್ವಾ? ಹಾಗಾದರೆ ಅದು ಸ್ನೇಹವೋ ಲೆಕ್ಕಾಚಾರವೋ? ನಾನು ಎರಡನ್ನೂ ಇಟ್ಟುಕೊಂಡೆ. ಪಟ್ಟ ಕಟ್ಟುವಾಗ ಕೈ ಕರ್ಣನ ತಲೆ ಮೇಲೆ, ಕಣ್ಣು ಅರ್ಜುನನ ಮೇಲೆ. ಅದೇ ಕರ್ಣ ಸತ್ತು ಬಿದ್ದಾಗ ನೋಡೋದಕ್ಕೆ ಇನ್ಯಾರೂ ಉಳಿದಿಲ್ಲ, ಕಣ್ಣು ಅವನ ಮೇಲೆ ಮಾತ್ರ. ಇವೆರಡರ ನಡುವೆ ಲೆಕ್ಕಾಚಾರ ಯಾವಾಗ ಸ್ನೇಹವಾಯಿತು ಅಂತ ನಾಟಕ ಹೇಳೋದಿಲ್ಲ. ಬದುಕಲ್ಲಿ ಮಾತ್ರ ಗೊತ್ತಾಗುತ್ತಾ?

ಇಲ್ಲಿ ರನ್ನನ ಸಹಾಯ ದೊಡ್ಡದು. ಲೈಬ್ರರಿಯಿಂದ ‘ಗದಾಯುದ್ಧ’ವನ್ನು ಹೊಸಗನ್ನಡ ಗದ್ಯಾನುವಾದದ ಸಮೇತ ತಂದು, ಬಸ್ಸಿನಲ್ಲಿ ಕೂತು ಸ್ವಲ್ಪ ಸ್ವಲ್ಪ ಓದಿದೆ. ಮುಧೋಳದ ಬಳೆಗಾರರ ಮನೆಯ ಹುಡುಗ, ಚಾಲುಕ್ಯರ ಆಸ್ಥಾನ ಸೇರಿ ಕವಿಚಕ್ರವರ್ತಿ ಅನ್ನಿಸಿಕೊಂಡವನು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕಾವ್ಯ ಬರೆದವನು. ಅಂದರೆ ಲೆಕ್ಕಕ್ಕೆ ಭೀಮನೇ ನಾಯಕ. ಆದರೆ ಸಾವಿರ ವರ್ಷವಾದ ಮೇಲೂ ಅದನ್ನು ಓದಿದವರ ಮನಸ್ಸಿನಲ್ಲಿ ಉಳಿಯೋದು ದುರ್ಯೋಧನ. ದೊರೆಯ ಅನ್ನ ಉಂಡು ದೊರೆಯ ಎದುರಾಳಿಯ ಪಾತ್ರಕ್ಕೆ ಇಷ್ಟು ಜೀವ ತುಂಬಿದ್ದಾನಲ್ಲ, ದೊರೆ ಏನೂ ಅನ್ನಲಿಲ್ಲವಾ ಅಂತ ನನಗೆ ಈಗಲೂ ಕುತೂಹಲ.

ಅದರಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಬರುವ ಭಾಗವನ್ನು ನೀವು ಕಾಲೇಜಿನಲ್ಲಿ ಓದಿರಬಹುದು. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ. ಮಗನಿಗೆ ಹೇಳುತ್ತಾನೆ, ಅಪ್ಪನಿಗೆ ಮಗ ತರ್ಪಣ ಬಿಡಬೇಕು, ನೀನು ಕ್ರಮ ತಪ್ಪಿಸಿದೆಯಲ್ಲ ಅಂತ. ತಮ್ಮನಿಗೆ, ತಾಯಿ ಹಾಲು ಕುಡಿಯುವಾಗ ನಾನು ಮೊದಲು ನೀನು ಆಮೇಲೆ, ಸಾವಿನಲ್ಲಿ ಮಾತ್ರ ನೀನೇ ಮುಂದಾದೆಯಲ್ಲ ಅನ್ನುತ್ತಾನೆ. ಕರ್ಣನ ಹತ್ತಿರ ಬಂದಾಗ, ನೀನು ಯಾರ ಮಗ ಅಂತ ನನಗೆ ಗೊತ್ತಿತ್ತು ಅಂತಾನೆ. ಅದನ್ನು ಓದಿ ನಾನು ಇಳಿಯುವ ಸ್ಟಾಪ್ ದಾಟಿ ಹೋಗಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಗೆಳೆಯನನ್ನು ಕಳೆದುಕೊಳ್ಳೋದಕ್ಕೆ ಹೆದರಿ ಸುಮ್ಮನಿದ್ದನೋ, ಬಿಲ್ಲುಗಾರನನ್ನು ಕಳೆದುಕೊಳ್ಳೋದಕ್ಕೆ ಹೆದರಿಯೋ?

ಆದರೆ ನಾನು ಇಡೀ ಪಾತ್ರವನ್ನು ನಿಲ್ಲಿಸಿದ್ದು ಅಭಿಮನ್ಯುವಿನ ಮೇಲೆ. ಇವನ ಕಡೆಯವರೇ ಸುತ್ತುಗಟ್ಟಿ ಅನ್ಯಾಯವಾಗಿ ಕೊಂದ ಹುಡುಗ. ಅವನ ಹೆಣದ ಮುಂದೆ ದುರ್ಯೋಧನ ಕೈಮುಗಿದು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವಂಥ ಸಾವು ನನಗೆ ಸಿಗಲಿ ಅಂತ ಬೇಡಿಕೊಳ್ಳುತ್ತಾನೆ. ಪಶ್ಚಾತ್ತಾಪದ ಒಂದು ಮಾತಿಲ್ಲ. ಆದರೂ ಶತ್ರುವಿಗೆ ತಲೆಬಾಗದವನು ಶತ್ರುವಿನ ಮಗನಿಗೆ ಬಾಗುತ್ತಾನೆ.

ಇದನ್ನು ರಂಗದ ಮೇಲೆ ತರೋದಕ್ಕೆ ಒಂದು ವಿಚಿತ್ರ ತೊಂದರೆ ಇತ್ತು. ಹೆಣವಾಗಿ ಮಲಗೋದಕ್ಕೆ ಯಾರೂ ತಯಾರಿಲ್ಲ! ಕರ್ಣನ ಪಾತ್ರದವರೂ ಒಳ್ಳೆ ದುಡ್ಡು ಕಟ್ಟಿದವರು. ಸತ್ತ ಮೇಲೆ ಬಣ್ಣ ಒರೆಸಿಕೊಂಡು ಬಂಧುಬಳಗದ ಜೊತೆ ಫೋಟೋ ತೆಗೆಸಿಕೊಳ್ಳಬೇಕು ಅನ್ನುತ್ತಾರೆ, ನ್ಯಾಯವೇ. ಹಾಗಾಗಿ ಹೆಣಗಳ ಬದಲು ಅವರವರ ಸಾಮಾನು ಇಟ್ಟೆವು. ದ್ರೋಣರ ಬಿಲ್ಲು, ದುಶ್ಶಾಸನನ ಹೆಗಲ ಶಲ್ಯ, ಕರ್ಣನ ಕುಂಡಲ, ಅಭಿಮನ್ಯುವಿನ ಕಿರೀಟ. ಆ ಪಾತ್ರ ಮಾಡಿದ್ದು ಪಿಯುಸಿ ಓದುವ ಹುಡುಗ. ಡ್ರೆಸ್ಸಿನವರ ಪೆಟ್ಟಿಗೆಯಲ್ಲಿದ್ದ ಸಣ್ಣ ಸೈಜಿನ ಕಿರೀಟ ಅದು, ಹಿಂದೆ ಲಾಡಿ ಕಟ್ಟುವಂಥದ್ದು. ಆಟದ ದಿನ ನಾನು ಅದನ್ನು ಎತ್ತಿಕೊಂಡಾಗ ಒಳಗಿನ ಬಟ್ಟೆ ಇನ್ನೂ ಬೆವರಿಗೆ ಒದ್ದೆಯಾಗಿತ್ತು, ಲಾಡಿಯಲ್ಲಿ ಅವನ ಕೂದಲಿನ ಎಳೆ ಒಂದು ಸಿಕ್ಕಿಕೊಂಡಿತ್ತು. ನಟನೆ ಮಾಡಬೇಕಾಗಿ ಬರಲಿಲ್ಲ. ನನ್ನ ಎರಡು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು ಅದು, ಪಕ್ಕದಲ್ಲೇ ನನ್ನ ಗದೆ.

ಆ ಜಾಗದಲ್ಲಿ ಹಾರ ಹಾಕೋರ ಕಾಟ ತಪ್ಪಿಸೋದೂ ಒಂದು ಕೆಲಸ. ಈ ನಾಟಕಗಳಲ್ಲಿ ಹಾಡು ಹಿಡಿಸಿದರೆ ಅಭಿಮಾನಿಗಳು ಸೀದಾ ರಂಗಕ್ಕೇ ಹತ್ತಿ ಹೂವಿನ ಹಾರ, ನೋಟಿನ ಹಾರ ಹಾಕುತ್ತಾರೆ, ಫೋಟೋ ಆಗೋವರೆಗೂ ಕೈ ಹಿಡಿದು ನಿಲ್ಲುತ್ತಾರೆ. ಪ್ರೀತಿಯೇ, ಬೇಡ ಅನ್ನೋದು ಹೇಗೆ? ನಮ್ಮ ಕಾರ್ಖಾನೆಯವರಿಗೆಲ್ಲ ಮೊದಲೇ ಹೇಳಿದ್ದೆ, ಸಂಧಾನದ ಸೀನಿನಲ್ಲಿ ಎಷ್ಟು ಬೇಕಾದರೂ ಹಾಕಿ, ಯುದ್ಧ ಶುರುವಾದ ಮೇಲೆ ಬೇಡ ಅಂತ. ಮೈಕಿನಲ್ಲೂ ಹೇಳಿಸಿದೆವು. ಹೆಚ್ಚುಕಡಿಮೆ ಎಲ್ಲರೂ ಮಾತು ಉಳಿಸಿಕೊಂಡರು.

ಹಾಡಿನ ವಿಷಯದಲ್ಲಿ ಮೇಷ್ಟ್ರ ಜೊತೆ ದೊಡ್ಡ ಜಗಳವೇ ಆಯಿತು. ಸರೋವರದ ಸೀನು. ಭೀಮನ ಗರ್ಜನೆ ಕೇಳಿ ನೀರಿನೊಳಗಿದ್ದರೂ ದುರ್ಯೋಧನ ಬೆವೆತ ಅಂತ ರನ್ನ ಬರೆಯುತ್ತಾನೆ. ಆ ಬೆವರು ಭಯದ್ದೋ ರೋಷದ್ದೋ ಅಂತ ಕಾಲೇಜಿನ ಮೇಷ್ಟ್ರುಗಳು ಇವತ್ತಿಗೂ ಪಾಠ ಮಾಡುತ್ತಾರೆ. ಇಬ್ಬರು ಹುಡುಗರು ನೀಲಿ ಬಟ್ಟೆ ಹಿಡಿದು ಅಲೆ ಮಾಡುತ್ತಾರೆ, ನಾನು ಅದರ ಹಿಂದೆ ಕೂತಿರುತ್ತೇನೆ. ಶ್ರುತಿ ಒಂದು ಮನೆ ಇಳಿಸಿ ಮೇಷ್ಟ್ರೇ, ಮೆಲ್ಲಗೆ ಶುರು ಮಾಡ್ತೀನಿ ಅಂದೆ. “ದುರ್ಯೋಧನ ಪಿಸುಗುಟ್ಟಿದ್ರೆ ಜನ ಎದ್ದು ಕಾಫಿಗೆ ಹೋಗ್ತಾರೆ ಕಣಪ್ಪಾ. ನಲವತ್ತು ವರ್ಷದಿಂದ ನೋಡಿದೀನಿ” ಅಂದರು. ಕೊನೆಗೆ ರಾಜಿ ಏನಾಯಿತು ಅಂದರೆ, ಮೊದಲ ಸಾಲು ಹಾರ್ಮೋನಿಯಂ ಇಲ್ಲದೆ ನಾನೊಬ್ಬನೇ, ಎರಡನೇ ಸಾಲಿಗೆ ಭೀಮನ ಕೂಗು, ಅಲ್ಲಿಂದ ತಬಲ ಹಾರ್ಮೋನಿಯಂ ಎಲ್ಲ ಸೇರಿ ಮೇಷ್ಟ್ರ ಮಟ್ಟಿನಲ್ಲೇ. ಕಾಫಿಗೆ ಒಂದಿಷ್ಟು ಜನ ಹೋದರು, ಸುಳ್ಳು ಹೇಳಲ್ಲ. ಆದರೆ ಹೋಗುತ್ತಿದ್ದವರು ಬಾಗಿಲ ಹತ್ತಿರ ನಿಂತು ತಿರುಗಿ ನೋಡಿದ್ದೂ ನನಗೆ ಬಟ್ಟೆ ಸಂದಿಯಿಂದ ಕಾಣಿಸಿತು.

ಇನ್ನು ಸಾವು. ನಮ್ಮ ತಂಡದಲ್ಲಿ ಒಬ್ಬರು ಭಾಸನ ಸಂಸ್ಕೃತ ನಾಟಕ ‘ಊರುಭಂಗ’ ಓದಿದವರಿದ್ದಾರೆ. ಅದರಲ್ಲಿ ಪುಟ್ಟ ಮಗ ದುರ್ಜಯ ಓಡಿ ಬಂದು ಅಪ್ಪನ ತೊಡೆ ಮೇಲೆ ಕೂರೋದಕ್ಕೆ ಹೋಗುತ್ತಾನೆ, ಆ ತೊಡೆ ಮುರಿದಿದೆ. ಪಾಂಡವರ ಸೇವೆ ಮಾಡಿಕೊಂಡಿರು ಅಂತ ಮಗನಿಗೆ ಹೇಳಿ ಸಮಾಧಾನದಿಂದ ಸಾಯುತ್ತಾನೆ ದುರ್ಯೋಧನ. ಎಂಥ ಕಲ್ಲಿನ ಎದೆಯೂ ಕರಗುವ ದೃಶ್ಯ. ಅದನ್ನೇ ಹಾಕೋಣ, ಕೊನೆಗೆ ದ್ರೌಪದಿಯ ಹತ್ತಿರ ಕ್ಷಮೆ ಕೇಳೋ ಹಾಗೆ ನಾವೇ ಎರಡು ಮಾತು ಸೇರಿಸೋಣ ಅಂದರು. ನಾನು ಒಪ್ಪಲಿಲ್ಲ. ಸಾಯುವ ಹೊತ್ತಿನಲ್ಲಿ ಇವನು ಕೈಮುಗಿದು ಕ್ಷಮಿಸು ತಾಯಿ ಅಂದುಬಿಟ್ಟರೆ, ಕ್ಷಮಿಸಲೇಬೇಕಾದ ಭಾರ ಆಕೆಯ ತಲೆ ಮೇಲೆ ಬೀಳುತ್ತೆ. ಆಕೆ ಕ್ಷಮಿಸದಿದ್ದರೆ ಆಕೆಯೇ ಕಲ್ಲು ಮನಸ್ಸಿನವಳು ಅನ್ನಿಸಿಕೊಳ್ಳುತ್ತಾಳೆ. ಇದೆಲ್ಲಿಯ ನ್ಯಾಯ? ದ್ರೌಪದಿ ಪಾತ್ರದವರೂ ತಲೆಯಾಡಿಸಿದರು.

ವ್ಯಾಸ ಭಾರತದಲ್ಲಿ ಅವನು ಕ್ಷಮೆ ಕೇಳೋದಿಲ್ಲ. ನಿಯಮ ಮೀರಿ ತೊಡೆಗೆ ಹೊಡೆದಿದ್ದಕ್ಕೆ ಬಲರಾಮ ನೇಗಿಲು ಎತ್ತಿಕೊಂಡು ಬರುತ್ತಾನೆ, ಕೃಷ್ಣ ತಡೆಯುತ್ತಾನೆ. ಮಣ್ಣಲ್ಲಿ ಬಿದ್ದುಕೊಂಡೇ ದುರ್ಯೋಧನ, ಓದಿದೆ, ದಾನ ಮಾಡಿದೆ, ಭೂಮಿ ಆಳಿದೆ, ಕ್ಷತ್ರಿಯನ ಸಾವು ಸಾಯುತ್ತಿದ್ದೇನೆ, ನನಗಿಂತ ಪುಣ್ಯವಂತ ಯಾರು ಅಂತ ಕೇಳುತ್ತಾನೆ. ಆಕಾಶದಿಂದ ಹೂಮಳೆ ಬೀಳುತ್ತೆ, ಪಾಂಡವರು ನಾಚಿ ತಲೆ ತಗ್ಗಿಸುತ್ತಾರೆ. ಎಲ್ಲ ಮುಗಿದು ಧರ್ಮರಾಯ ಸ್ವರ್ಗಕ್ಕೆ ಹೋದರೆ ಅಲ್ಲಿ ಮೊದಲು ಕಾಣೋದು ಸಿಂಹಾಸನದಲ್ಲಿ ಕೂತ ದುರ್ಯೋಧನನೇ! ನಮ್ಮ ಪಕ್ಕದ ಊರುಗಳೂ ಇವನ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬಂದಿಲ್ಲ. ಉತ್ತರ ತಮಿಳುನಾಡಿನ ದ್ರೌಪದಿ ಜಾತ್ರೆಗಳಲ್ಲಿ ಮಣ್ಣಿನ ದೊಡ್ಡ ದುರ್ಯೋಧನನನ್ನು ಮಲಗಿಸಿ ತೊಡೆ ಒಡೆಯುತ್ತಾರೆ, ಕೇರಳದ ಕೊಲ್ಲಂ ಜಿಲ್ಲೆಯ ಮಲನಡದಲ್ಲಿ ಅವನಿಗೇ ಗುಡಿ ಇದೆ, ಕಳ್ಳು ನೈವೇದ್ಯ.

ನಾನು ಮಾಡಿದ್ದು ಇಷ್ಟೇ. ಬಿದ್ದೆ, ಸೊಕ್ಕಿನ ಮಾತನ್ನೆಲ್ಲ ಸೊಕ್ಕಿನಿಂದಲೇ ಆಡಿದೆ, ದನಿ ನಡುಗಿಸಲಿಲ್ಲ. ಬರೀ ಎಡಗೈಯಿಂದ ತೊಡೆಯ ಮೇಲೆ ಪಂಚೆ ಎಳೆದು ಮುಚ್ಚಿಕೊಂಡೆ. ದ್ಯೂತದ ಸೀನಿನಲ್ಲಿ ಬಟ್ಟೆ ಸರಿಸಿದ್ದು ಅದೇ ಕೈ. ನೋಡಿದವರು ನೋಡಿದರು, ನೋಡದವರಿಗೆ ಹಾಡಂತೂ ಸಿಕ್ಕಿತು.

ಈಗ ರಾತ್ರಿ 10ರ ಮೇಲೆ ಮೈಕು ಹಾಕುವ ಹಾಗಿಲ್ಲವಾದ್ದರಿಂದ ಬೆಳಗ್ಗೆ ಶುರು ಮಾಡಿ ಸಂಜೆಗೆ ಮುಗಿಸುತ್ತೇವೆ. ಪರದೆ ಬಿದ್ದ ಮೇಲೆ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾ ಕೂತಿದ್ದೆ. ಅಮ್ಮನ ತವರಿನ ಕಡೆಯ ಅಜ್ಜಿಯೊಬ್ಬರು ಒಳಗೆ ಬಂದರು. ಪ್ರತಿ ವರ್ಷ ಕರಗಕ್ಕೆ ಉಪವಾಸ ಮಾಡುವವರು. “ಸಾಯ್ಲಿ ಮುಂಡೇಗಂಡ ಅಂತಲೇ ಕೂತಿದ್ದೆ ಕಣೋ. ಆ ಹುಡುಗನ ಕಿರೀಟ ಎತ್ತಿದಾಗ ಹೊಟ್ಟೆಯೊಳಗೆ ಚುರ್ ಅಂತು. ಆಮೇಲೆ ನೀನು ಬಾಯಿ ಬಿಟ್ಟೆ ನೋಡು, ಮತ್ತೆ ಸಾಯ್ಲಿ ಅನ್ನಿಸ್ತು” ಅಂದರು. ನನಗೆ ಸಿಕ್ಕಿದ ನೋಟಿನ ಹಾರಗಳಿಗಿಂತ ಇದು ದೊಡ್ಡದು.

ಮೇಷ್ಟ್ರು ಮಾತ್ರ ಇನ್ನೂ ಗೊಣಗುತ್ತಿದ್ದಾರೆ, ರಣರಂಗದ ಸೀನು ಎಳೆದ ಹಾಗಾಯಿತು, ಎರಡು ಹಾಡು ಕಟ್ ಆಯಿತು ಅಂತ. ಮುಂದಿನ ಯುಗಾದಿ ಕಳೆದ ಮೇಲೆ ಮತ್ತೆ ಕಟ್ಟುತ್ತಾರಂತೆ, ದುರ್ಯೋಧನನ ರೇಟು ಏರಿದೆ. ನಾನು ಈ ಸಲ ಭೀಮನಿಗೆ ಮುಂಗಡ ಕೊಟ್ಟಿದ್ದೇನೆ. ತೊಡೆಗೆ ಹೊಡೆಯೋದು ತಪ್ಪು ಅಂತ ಗೊತ್ತಿದ್ದೂ ಹೊಡೆಯುತ್ತಾನಲ್ಲ, ಅದನ್ನು ಹೇಗೆ ಮಾಡೋದು ಅಂತ ಯೋಚಿಸುತ್ತಾ ಇದ್ದೇನೆ.