ಪಿಸ್ತೂಲು ಜೊತೆಗಿದ್ದಾಗ ರಾಜ್ಯದ ಗಡಿ ದಾಟುವುದು ಹೇಗೆ?

ಅಮೆರಿಕದಲ್ಲಿರುವ ಕನ್ನಡಿಗರಲ್ಲೂ ಕನ್ಸೀಲ್ಡ್ ಕ್ಯಾರಿ ಪರ್ಮಿಟ್, ಅಂದರೆ ಗನ್ ಅನ್ನು ಬಟ್ಟೆಯಡಿ ಮರೆಯಾಗಿ ಇಟ್ಟುಕೊಂಡು ಓಡಾಡುವ ಪರವಾನಗಿ, ಪಡೆದವರು ಅಲ್ಲಲ್ಲಿ ಸಿಗುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಎಲ್ಲ ರಾಜ್ಯದಲ್ಲೂ ನಡೆಯುತ್ತದಲ್ವಾ, ಇದೂ ಹಾಗೇ ಅಂತ ಕೆಲವರು ನಂಬಿರುತ್ತಾರೆ. ಹಾಗಲ್ಲ. 2013ರಲ್ಲಿ ಪೆನ್ಸಿಲ್ವೇನಿಯಾದ ಪರ್ಮಿಟ್ ಇದ್ದ ತಾಯಿಯೊಬ್ಬರ ಕಾರನ್ನು ನ್ಯೂಜೆರ್ಸಿ ಪೊಲೀಸರು ತಡೆದರು. ಗನ್ ಇದೆ ಅಂತ ಆಕೆ ತಾವಾಗಿಯೇ ಹೇಳಿದರು. ಅಲ್ಲೇ ಬಂಧನವಾಯಿತು. ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟಿದ್ದು 2015ರಲ್ಲಿ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಫ್-1 ತರಹದ ವೀಸಾದಲ್ಲಿದ್ದರೆ ಗನ್ ಇರಲಿ, ಗುಂಡು ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನು ಬಿಡುವುದಿಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ಅವನ್ನು ನಂಬಿ ಹೊರಡಬೇಡಿ. ಗ್ರೀನ್ ಕಾರ್ಡ್ ಇರುವವರು ಗನ್ ಇಟ್ಟುಕೊಳ್ಳಬಹುದು. ಆದರೆ ಗನ್ ಕೇಸಿನಲ್ಲಿ ಶಿಕ್ಷೆಯಾದರೆ ದೇಶದಿಂದಲೇ ಕಳಿಸಬಹುದು.

ಎರಡನೆಯದು ದಾರಿ. ವರ್ಜೀನಿಯಾದಿಂದ ನ್ಯೂ ಹ್ಯಾಂಪ್‌ಶೈರ್‌ಗೆ ಹೊರಟಿದ್ದೀರಿ ಅನ್ನಿ. ಹೋದ ಮೇಲೆ ಅಲ್ಲಿ ಪರ್ಮಿಟ್ಟೇ ಬೇಕಿಲ್ಲ. ಆದರೆ ನಡುವೆ ಸಿಗುವ ಮೇರಿಲ್ಯಾಂಡ್, ನ್ಯೂಜೆರ್ಸಿ, ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ಬೇರೆ ರಾಜ್ಯದ ಪರ್ಮಿಟ್ ಒಪ್ಪುವುದಿಲ್ಲ. ದಾರಿಯಲ್ಲಿ ಬರುವ ಪ್ರತಿ ರಾಜ್ಯದ ಪೊಲೀಸ್ ಇಲ್ಲವೇ ಅಟಾರ್ನಿ ಜನರಲ್ ವೆಬ್‌ಸೈಟನ್ನು ಹೊರಡುವ ವಾರವೇ ನೋಡಿ. ವಾಟ್ಸಾಪ್‌ನಲ್ಲಿ ಬಂದ ಬಣ್ಣದ ನಕ್ಷೆಯನ್ನು ನಂಬಲೇಬೇಡಿ, ಕಾನೂನು ಪದೇ ಪದೇ ಬದಲಾಗುತ್ತದೆ.

ಹಾಗಾದರೆ ದಾಟುವುದು ಹೇಗೆ? 1986ರ ಫೆಡರಲ್ ಕಾನೂನೊಂದು ದಾರಿ ಬಿಡುತ್ತದೆ. ಹೊರಟ ಊರಲ್ಲೂ ತಲುಪುವ ಊರಲ್ಲೂ ಗನ್ ಇಟ್ಟುಕೊಳ್ಳಲು, ಒಯ್ಯಲು ನಿಮಗೆ ಹಕ್ಕಿರಬೇಕು. ಗನ್ ಖಾಲಿಯಿರಬೇಕು. ಗನ್ ಆಗಲಿ ಗುಂಡಾಗಲಿ ಕೂತಲ್ಲಿಂದ ಕೈಗೆ ಸಿಗಬಾರದು.

ಜನ ಎಡವುವುದು ಇಲ್ಲೇ. ಗಡಿ ಹತ್ತಿರ ರೆಸ್ಟ್ ಏರಿಯಾದಲ್ಲಿ ಖಾಲಿ ಮಾಡೋಣ ಅಂತ ಮುಂದೂಡುತ್ತಾರೆ. ಪಾರ್ಕಿಂಗ್‌ನಲ್ಲಿ ಗನ್ ಹಿಡಿದವರನ್ನು ಕಂಡರೆ ಯಾರಾದರೂ 911ಕ್ಕೆ ಫೋನ್ ಮಾಡೇ ಮಾಡುತ್ತಾರೆ. ಮನೆಯಲ್ಲೇ, ಮಕ್ಕಳಿಲ್ಲದ ಕೋಣೆಯಲ್ಲಿ ಮುಗಿಸಿ. ಬೆರಳು ಟ್ರಿಗರ್‌ನಿಂದ ಹೊರಗಿರಲಿ, ನಳಿಗೆ ಯಾರೂ ಇಲ್ಲದ ದಿಕ್ಕಿಗಿರಲಿ. ಮೊದಲು ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆಯಿರಿ, ಆಮೇಲೆ ಸ್ಲೈಡ್ (ಗನ್ನಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆಯಿರಿ. ಅವಸರದಲ್ಲಿ ಈ ಕ್ರಮ ತಿರುಗಮುರುಗ ಮಾಡಿದರೆ ಒಂದು ಗುಂಡು ಹೊರಬಿದ್ದು ಇನ್ನೊಂದು ಚೇಂಬರ್ (ಸಿಡಿಯಲಿರುವ ಗುಂಡು ಕೂರುವ ಜಾಗ) ಒಳಗೆ ಹೋಗಿ ಕೂರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು, ಗನ್ ಖಾಲಿ ಅಂತ ನೀವು ನಂಬಿರುತ್ತೀರಿ. ಸ್ಲೈಡನ್ನು ಹಿಂದೆ ನಿಲ್ಲಿಸಿ, ಬೆಳಕಿಗೆ ಹಿಡಿದು ಚೇಂಬರ್ ನೋಡಿ. ಕಿರುಬೆರಳು ಹಾಕಿಯೂ ಮುಟ್ಟಿ ನೋಡಿ.

ಇನ್ನು ಪೆಟ್ಟಿಗೆ. ಗನ್‌ಗೊಂದು, ಗುಂಡಿಗೊಂದು, ಎರಡಕ್ಕೂ ಬೀಗ ಅನ್ನುವುದು ನನ್ನ ಖಡಾಖಂಡಿತ ಸಲಹೆ. ಮ್ಯಾಗಜೀನ್ ಕೂಡ ಖಾಲಿ ಮಾಡಿ, ಗುಂಡು ಅಂಗಡಿಯಿಂದ ಬಂದ ಡಬ್ಬದಲ್ಲೇ ಇರಲಿ. ನ್ಯೂಯಾರ್ಕ್‌ನಲ್ಲಿ ಮ್ಯಾಗಜೀನ್‌ಗೆ 10 ಗುಂಡಿನ ಮಿತಿ ಇದೆ, ದೊಡ್ಡದನ್ನು ಮನೆಯಲ್ಲೇ ಬಿಡಿ. ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡಿನ ಮೇಲೆ ನ್ಯೂಜೆರ್ಸಿಯಲ್ಲಿ ನಿರ್ಬಂಧವಿದೆ, ಅವನ್ನೂ ಬಿಡಿ. ಅಗ್ಗದ ಫಿಂಗರ್‌ಪ್ರಿಂಟ್ ಪೆಟ್ಟಿಗೆ ಕೊಳ್ಳಬೇಡಿ. ಮೂಲೆ ಎತ್ತಿದರೆ ಬಾಗುವ ಪ್ಲಾಸ್ಟಿಕ್ ಕೇಸೂ ಬೇಡ. ಕೀಲಿಕೈ ಹಾಕುವ ಉಕ್ಕಿನ ಪೆಟ್ಟಿಗೆಯೇ ವಾಸಿ.

ಡಿಕ್ಕಿ ಬೇರೆಯೇ ಇರುವ ಕಾರಾದರೆ ಅದರಲ್ಲಿಡಿ. ಎಸ್‌ಯುವಿ, ಮಿನಿವ್ಯಾನ್ ಆದರೆ ಬೀಗದ ಪೆಟ್ಟಿಗೆ ಕಡ್ಡಾಯ. ಅದನ್ನು ಹಿಂಬದಿಯ ತುದಿಯಲ್ಲಿ, ಸೂಟ್‌ಕೇಸ್‌ಗಳ ಅಡಿಗೆ ತಳ್ಳಿ. ಗ್ಲೋವ್ ಬಾಕ್ಸ್‌ಗೆ ಬೀಗ ಹಾಕಿದರೂ ಅದು ಲೆಕ್ಕಕ್ಕಿಲ್ಲ, ಸೀಟಿನ ನಡುವಿನ ಕನ್ಸೋಲ್ ಕೂಡ ಇಲ್ಲ. ಕಾನೂನೇ ಹಾಗೆ ಹೇಳಿದೆ.

ನಿಲ್ಲದೆ ಸಾಗಿ. ಪೆಟ್ರೋಲು, ಊಟ, ಶೌಚಾಲಯ ಸರಿ. ನ್ಯೂಯಾರ್ಕ್‌ನಲ್ಲಿ ರಾತ್ರಿ ಉಳಿದು ನೆಂಟರನ್ನು ನೋಡಿಕೊಂಡು ಹೋಗೋಣ ಅನ್ನುವ ಯೋಚನೆ ಬೇಡ. 2005ರಲ್ಲಿ ಯೂಟಾದವರೊಬ್ಬರು ವಿಮಾನ ತಪ್ಪಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಉಳಿಯಬೇಕಾಯಿತು. ಗನ್ ಇದ್ದ ಬ್ಯಾಗ್ ಅವರ ಜೊತೆ ಹೋಟೆಲಿಗೆ ಹೋಯಿತು. ಮರುದಿನ ವಿಮಾನ ನಿಲ್ದಾಣದಲ್ಲಿ ಗನ್ ಇದೆ ಅಂದಾಗ ಬಂಧನ. ಆರೋಪ ಕೈಬಿಟ್ಟರು, ನಿಜ. ಆದರೆ ಅವರು ಹಾಕಿದ ದಾವೆಯಲ್ಲಿ 2010ರಲ್ಲಿ ಮೇಲ್ಮನವಿ ಕೋರ್ಟು, ಹೋಟೆಲಲ್ಲಿ ಗನ್ ಕೈಗೆ ಸಿಗುವಂತಿತ್ತು, ಹಾಗಾಗಿ 1986ರ ರಕ್ಷಣೆ ಇಲ್ಲ ಎಂದಿತು. ಉಳಿಯಲೇಬೇಕಾದರೆ ಗನ್ ಒಪ್ಪುವ ರಾಜ್ಯದಲ್ಲೇ ರೂಮು ಬುಕ್ ಮಾಡಿ.

ಕಾರಿನ ಕಾಗದಪತ್ರ ಮುಂದೆಯೇ ಇರಲಿ, ಪೆಟ್ಟಿಗೆ ಜೊತೆ ಬೇಡ. ಪೊಲೀಸರು ನಿಲ್ಲಿಸಿದರೆ ಒಳಗಿನ ದೀಪ ಹಾಕಿ, ಕೈ ಸ್ಟೀರಿಂಗ್ ಮೇಲಿಡಿ. ಪರ್ಮಿಟ್ ನಡೆಯುವ ರಾಜ್ಯದಲ್ಲಿ ಗನ್ ಸೊಂಟದಲ್ಲಿದ್ದರೆ ನಿಯಮ ಬೇರೆ ಬೇರೆ. ಮಿಶಿಗನ್, ನಾರ್ತ್ ಕೆರೊಲಿನಾದಲ್ಲಿ ಅವರು ಕೇಳುವ ಮೊದಲೇ ನೀವು ಹೇಳಬೇಕು.

ಪೋಸ್ಟ್ ಆಫೀಸಿನೊಳಗೆ ಗನ್ ಒಯ್ಯಬೇಡಿ. ನಯಾಗರಾಕ್ಕೆ ಹೋದವರು ಸುಮ್ನೆ ಕೆನಡಾ ಕಡೆಯಿಂದಲೂ ನೋಡಿ ಬರೋಣ ಅಂತ ಸೇತುವೆ ಹತ್ತುತ್ತಾರೆ. ಡಿಕ್ಕಿಯಲ್ಲಿ ಪಿಸ್ತೂಲಿದ್ದರೆ ಆ ಸೇತುವೆ ಹತ್ತಬೇಡಿ.