ಒಂದು ಹಂಡೆ, ನಾಲ್ಕು ಬಾಕ್ಸ್: ಮನೆಯವರ ನೆನಪಿನಿಂದ ಕಾರ್ಟೂನ್ ಮಾಡಿದ ನನ್ನ ಅನುಭವ

"ನಿಮ್ಮನೆ ಕಥೆನ ಯಾರು ದುಡ್ಡು ಕೊಟ್ಟು ಓದ್ತಾರೆ? ರಾಜಕಾರಣಿಗಳ ಮುಖ ಬರೀರಿ, ಓಡೋದು ಅದೇ." ಈ ಮಾತನ್ನು ನನಗೆ ಹೇಳದ ಸ್ನೇಹಿತರೇ ಇಲ್ಲ. ಈಗ ನನ್ನ ಮನೆ ಸ್ಟ್ರಿಪ್‌ಗಳ, ಅಂದರೆ ಸಾಲು ಬಾಕ್ಸ್‌ಗಳಲ್ಲಿ ಹೇಳುವ ಕಾರ್ಟೂನ್ ಕಥೆಗಳ, ಪುಸ್ತಕ ಖಾಲಿಯಾಗಿದೆ. ಹತ್ತಿರ ಹತ್ತಿರ 500 ಪ್ರತಿ. ಹೇಗೆ ಮಾಡಿದೆ ಅಂತ ಈಗ ಅವರೇ ಕೇಳುತ್ತಿದ್ದಾರೆ.

ನಮ್ಮ ಬೆಂಗಳೂರಿಗೆ ಇದು ಹೊಸದೇನಲ್ಲ. ಕಾರ್ಟೂನಿಸ್ಟ್ ಮಾಯಾ ಕಾಮತ್ ಅವರು 1985ರಲ್ಲಿ ಡೆಕ್ಕನ್ ಹೆರಾಲ್ಡ್‌ನಲ್ಲಿ ಶುರು ಮಾಡಿದ್ದೇ ಮನೆಯೊಳಗಿನ ಸ್ಟ್ರಿಪ್‌ನಿಂದ. ರಾಜಕೀಯ ಕಾರ್ಟೂನ್ ಆಮೇಲೆ ಬಂತು. ಟ್ರಿನಿಟಿ ಸರ್ಕಲ್ ಹತ್ತಿರದ ಕಾರ್ಟೂನ್ ಗ್ಯಾಲರಿಗೆ ಹೋದಾಗಲೆಲ್ಲ ನಾನು ಮುಖಗಳನ್ನು ಬಿಟ್ಟು ಹಿಂದಿನ ಸಾಮಾನು ನೋಡುತ್ತೇನೆ. ಕುರ್ಚಿ, ಕೊಡೆ, ಗೋಡೆ ಗಡಿಯಾರ. ನನ್ನ ದಾರಿ ಸಿಕ್ಕಿದ್ದೂ ಸಾಮಾನಿನಿಂದಲೇ.

ಅದಕ್ಕೆ ಮೊದಲು ಸೋತದ್ದು ಹೇಳುತ್ತೇನೆ. ಲಗೋರಿ, ಬುಗುರಿ, ಕಡಲೆಕಾಯಿ ಪರಿಷೆ, ಸೀಮೆಎಣ್ಣೆ ಕ್ಯೂ, ಎಲ್ಲಾ ಬರೆದೆ. ಫೋನಿನಲ್ಲಿ ಜನ ಹೃದಯ ಒತ್ತಿದರು, "ನಮ್ಮ ಬಾಲ್ಯ ನೆನಪಾಯ್ತು" ಅಂದರು. ಆ ಧೈರ್ಯದಲ್ಲಿ ಗೋಡೆ ಕ್ಯಾಲೆಂಡರ್ ಮಾಡಿಸಿದೆ. ಸುಮಾರು 18 ಸಾವಿರ ಹೋಯಿತು. ಜನವರಿ ದಾಟಿದ ಕ್ಯಾಲೆಂಡರ್‌ಗೆ ರದ್ದಿ ಬೆಲೆ ಮಾತ್ರ. ಕಟ್ಟುಗಳು ಮಂಚದ ಕೆಳಗೆ ಬಹಳ ದಿನ ಇದ್ದವು. ಯಾಕೆ ಓಡಲಿಲ್ಲ ಅಂದರೆ, ಎಲ್ಲರ ಲಗೋರಿನೂ ಒಂದೇ ಥರ. ಅದರಲ್ಲಿ ನಮ್ಮನೆಯವರು ಯಾರೂ ಇರಲಿಲ್ಲ.

ಆಮೇಲೆ ಮಾಡಿದ್ದು ಇಷ್ಟೇ. ಮನೆಯ ಒಂದು ಸಾಮಾನು ಆರಿಸಿಕೊಳ್ಳುವುದು. ಅದರ ಬಗ್ಗೆ ಮನೆಯವರನ್ನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳುವುದು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯಬಾರದು. ಎಲ್ಲಿ ಮಾತು ತಾಳೆ ಆಗುವುದಿಲ್ಲವೋ ಅಲ್ಲೇ ಸ್ಟ್ರಿಪ್ ಇದೆ.

ಮೊದಲು ಗೆದ್ದದ್ದು ತಾಮ್ರದ ಹಂಡೆ. ಮತ್ತಿಕೆರೆಯ ವಠಾರದಲ್ಲಿ ನಮ್ಮ ಬಚ್ಚಲುಮನೆಯಲ್ಲಿತ್ತು. ಒಂದು ದಿನ ಅದು ಪಾತ್ರೆ ಅಂಗಡಿಗೆ ಹೋಯಿತು. ಅಮ್ಮನ ಪ್ರಕಾರ, "ಸೋರ್ತಿತ್ತು, ಎಷ್ಟು ಸಲ ಬೆಸುಗೆ ಹಾಕ್ಸೋದು?" ಅಣ್ಣ ಹೇಳಿದ, "ನನ್ನ ಕಾಲೇಜ್ ಫೀಸಿಗೆ ಮಾರಿದ್ರು ಕಣೇ, ನಿಂಗೆ ಗೊತ್ತಿಲ್ವಾ?" ಅತ್ತೆ ಬಿಡಲಿಲ್ಲ, "ಗೀಸರ್ ಬಂತಲ್ಲ, ನಿಮ್ಮಮ್ಮಂಗೆ ಹಂಡೆ ಕಣ್ಣಿಗೆ ಕಾಣ್ಲಿಲ್ಲ." ಮೂರು ಬಾಕ್ಸ್‌ನಲ್ಲೂ ಹಂಡೆ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ. ಸುತ್ತಲಿನವರು ಮಾತ್ರ ಬದಲಾಗುತ್ತಾರೆ. ನಾಲ್ಕನೆಯದು ಅಪ್ಪನಿಗೆ. ಅಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದವರು. ಈಗಲೂ ಬೆಳಿಗ್ಗೆ ಎದ್ದು ವಾಚಿಗೆ ಕೀ ಕೊಡುತ್ತಾರೆ. ಕೀ ಕೊಡುತ್ತಾ ಕೇಳಿದರು: "ಯಾವ ಹಂಡೆ?"

ಅದರಲ್ಲಿ ಒಂದಕ್ಷರವೂ ನಾನು ಸೇರಿಸಿದ್ದಲ್ಲ.

ಕೇಳುವಾಗ ಫೋನ್ ರೆಕಾರ್ಡಿಂಗ್ ಬೇಡ. ಫೋನ್ ಕಂಡರೆ ಅಮ್ಮ ಭಾಷಣದ ದನಿಗೆ ಬರುತ್ತಾರೆ. ಅವರೆಕಾಳು ಹಿಚುಕುವಾಗ, ಬಟ್ಟೆ ಮಡಿಸುವಾಗ ಕೇಳಿ, ಆಮೇಲೆ ಡೈರಿಯಲ್ಲಿ ಗೀಚಿಕೊಳ್ಳಿ. ನಾನು ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆ ಒಂದಿದೆ. ಅದನ್ನು ಕೇಳಿದರೆ ಎಂಥ ಮೌನಿಯೂ ಬಾಯಿ ಬಿಡುತ್ತಾರೆ. ಅದು ನನ್ನ ಹತ್ತಿರವೇ ಇರಲಿ.

ಬಲೂನಿನ, ಅಂದರೆ ಪಾತ್ರದ ಮಾತು ಬರೆಯುವ ಗುಳ್ಳೆಯ, ಅಕ್ಷರಕ್ಕೆ ನಾನು ಪಟ್ಟ ಪಾಡು ಜಾಸ್ತಿ. ನಮ್ಮ ಪದಗಳು ಉದ್ದ. "ಹೋಗಬೇಕಾಗಿತ್ತಂತೆ" ಅಂತ ಬರೆದರೆ ಒಂದೇ ಪದ ಬಲೂನಿನ ಅಗಲ ಪೂರ್ತಿ ತಿನ್ನುತ್ತದೆ. ಮನೆ ಮಾತಿನಲ್ಲಿ "ಹೋಗ್ಬೇಕಿತ್ತಂತೆ" ಅಂದರೆ ಅಗಲ ಕಡಿಮೆ, ಆದರೆ ಒತ್ತು ಹೆಚ್ಚಿ ಕೆಳಗಿನ ಸಾಲಿಗೆ ಇಳಿಯುತ್ತದೆ. ಕಂಪ್ಯೂಟರ್ ಫಾಂಟ್ ಹಾಕಿ ನೋಡಿದೆ, ಅತ್ತೆಯ ಮಾತು ಸರ್ಕಾರಿ ನೋಟಿಸ್ ಥರ ಕಂಡಿತು. ಈಗ ಎಲ್ಲಾ ಕೈಬರಹ. ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ ಬಿಡುತ್ತೇನೆ. ಮೊದಲು ಮಾತು ಬರೆದು, ಆಮೇಲೆ ಸುತ್ತ ಬಲೂನ್ ಎಳೆಯುತ್ತೇನೆ. ಕನ್ನಡಕ್ಕೆ ಇದೇ ಸರಿ, ಬೇರೆ ಯಾರು ಏನೇ ಹೇಳಲಿ.

ನಡುವೆ ಫಿಲ್ಟರ್ ಕಾಫಿ ಡಿಕಾಕ್ಷನ್‌ನಲ್ಲಿ ವಾಶ್ ಮಾಡಿ, ಅಂದರೆ ಬಣ್ಣದ ಥರ ತೆಳುವಾಗಿ ಬಳಿದು, ನೋಡಿದ್ದೂ ಇದೆ. ಹಳೇ ಫೋಟೋದ ಕಂದು ಬಣ್ಣ ಸೊಗಸಾಗಿ ಬಂತು. ಚಿಕೋರಿ ಜಾಸ್ತಿ ಇದ್ದ ಪುಡಿಯಲ್ಲಿ ಕಾಗದ ಅಂಟಂಟು. ಜುಲೈ ಮಳೆಗೆ ಅರ್ಧ ಹಾಳೆಗಳಿಗೆ ಬೂಸ್ಟು ಹಿಡಿಯಿತು. ಈಗ ಅವೆನ್ಯೂ ರೋಡಿನಿಂದ ತಂದ ದಪ್ಪ ಕಾರ್ಟ್ರಿಜ್ ಹಾಳೆ, ಕಪ್ಪು ಇಂಡಿಯನ್ ಇಂಕ್. ಬೂದು ಛಾಯೆಗೆ ನೀರಿನ ಜೊತೆ ಇನ್ನೊಂದು ಏನೋ ಬೆರೆಸುತ್ತೇನೆ. ಅದನ್ನೂ ಕೇಳಬೇಡಿ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಪತ್ರಿಕೆಯವರು ಒಂದು ಸ್ಟ್ರಿಪ್‌ಗೆ 300–400 ಕೊಡುತ್ತಿದ್ದರು, ಅದೂ ತಿಂಗಳುಗಟ್ಟಲೆ ಕಾಯಿಸಿ. ಪುಸ್ತಕ ನಾನೇ ಮಾಡಿಸಿದೆ. 36 ಪುಟ, ನಡುವೆ ಪಿನ್, ರಟ್ಟಿಗೆ ಮಾತ್ರ ಬಣ್ಣ. 500 ಪ್ರತಿಗೆ 24 ಸಾವಿರ ಆಯಿತು. ಪಿನ್ ಹೊಡೆಸುವುದಾದರೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು, ಮೊದಲೇ ನೋಡಿಕೊಳ್ಳಿ. ಬೆಲೆ 120 ಇಟ್ಟೆ. ಅಂಗಡಿಗಳು ನೂರಕ್ಕೆ 40 ಹಿಡಿದುಕೊಂಡವು. ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಒಂದೇ ದಿನ 150ರ ಹತ್ತಿರ ಹೋಯಿತು. ನಿಂತಲ್ಲೇ ಓದಿ, ಗಂಡ ಹೆಂಡತಿ ತಮ್ಮ ಮನೆಯ ಹಂಡೆ ಏನಾಯಿತು ಅಂತ ಜಗಳ ಶುರು ಮಾಡಿದರೆ ಸಾಕು, ಆ ಪುಸ್ತಕ ಮಾರಾಟವಾಯಿತು ಅಂತಲೇ ಲೆಕ್ಕ. ಎಲ್ಲಾ ಕಳೆದು ಕೈಗೆ ಬಂದದ್ದು 20 ಸಾವಿರದ ಆಸುಪಾಸು. ಹಂಡೆಯ ಮೂಲ ಹಾಳೆ ಬೇರೆ 2,500ಕ್ಕೆ ಹೋಯಿತು. ಕ್ಯಾಲೆಂಡರ್‌ನ ನಷ್ಟ ತೀರಿತು.

ಒಂದು ಕಟ್ಟಳೆ ಮಾತ್ರ ನಾನು ಮುರಿಯುವುದಿಲ್ಲ. ಇಂಕ್ ಹಾಕುವ ಮೊದಲು ಪೆನ್ಸಿಲ್ ಹಾಳೆಯನ್ನು ಅದರಲ್ಲಿರುವವರಿಗೆ ತೋರಿಸುತ್ತೇನೆ. ಬೇಡ ಅಂದರೆ ಬಿಡುತ್ತೇನೆ. ಅಣ್ಣ ಎರಡು ಸ್ಟ್ರಿಪ್ ಬೇಡ ಅಂದ, ಅವು ಡ್ರಾಯರ್‌ನಲ್ಲೇ ಇವೆ. ಅತ್ತೆ ಯಾವುದಕ್ಕೂ ಬೇಡ ಅನ್ನಲಿಲ್ಲ. ತುರುಬು ಇನ್ನೂ ದೊಡ್ಡದಾಗಿ ಬರೆಯಬೇಕು ಅಂತ ಮೂರು ಹಾಳೆ ವಾಪಸ್ ಕಳಿಸಿದರು. ಬರೆದುಕೊಟ್ಟೆ.