ದಿಗಂತ ಕಾಣದಾಗ: ಮಾಪಕಗಳನ್ನು ನಂಬಿ ಹಾರಲು ಕಲಿಯುವ ಬಗೆ

ಖಾಸಗಿ ಪೈಲಟ್ ಪರವಾನಗಿ ಪಡೆದವರು ವಿಮಾನವನ್ನು ಸಮತೋಲದಲ್ಲಿ ಇಡುವುದು ಬಹುಮಟ್ಟಿಗೆ ಕಿಟಕಿಯಾಚೆಯ ದಿಗಂತವನ್ನು ನೋಡಿಕೊಂಡು. ಮೋಡವೋ ಮಂಜೋ ಆ ಗೆರೆಯನ್ನು ಅಳಿಸಿದೊಡನೆ ದೇಹವು ಒಳಗಿವಿಯ ಮಾತಿಗೆ ಜೋತುಬೀಳುತ್ತದೆ, ಆದರೆ ಒಳಗಿವಿ ಈ ಕೆಲಸಕ್ಕೆ ಹೇಳಿಮಾಡಿಸಿದ್ದಲ್ಲ. ಅಲ್ಲಿನ ಅರೆವರ್ತುಳ ನಾಳಗಳಲ್ಲಿರುವ ದ್ರವ, ತಿರುವು ಶುರುವಾದಾಗ ಸೂಚನೆ ಕೊಡುತ್ತದೆಯೇ ಹೊರತು ಅದೇ ತಿರುವು ಒಂದೇ ಸಮನೆ ಹತ್ತಿಪ್ಪತ್ತು ಸೆಕೆಂಡು ಮುಂದುವರಿದರೆ ತಾನೂ ನಾಳದ ಜೊತೆಗೇ ಸುತ್ತುತ್ತ ಸುಮ್ಮನಾಗಿಬಿಡುತ್ತದೆ. ಆಗ ರೆಕ್ಕೆಗಳನ್ನು ಸಮಕ್ಕೆ ತಂದರೆ ವಿಮಾನ ಎದುರು ಬದಿಗೆ ವಾಲಿದಂತೆ ಭಾಸವಾಗುತ್ತದೆ. ಅದನ್ನು ನಂಬಿದ ಪೈಲಟ್ ಮತ್ತೆ ಹಳೆಯ ವಾಲಿಕೆಗೇ ಮರಳುತ್ತಾನೆ. ಎತ್ತರ ಕುಸಿಯುವುದನ್ನು ಕಂಡು ಗಾಬರಿಯಿಂದ ಕಂಟ್ರೋಲನ್ನು ತನ್ನೆಡೆಗೆ ಎಳೆದುಕೊಂಡರೆ ಸುತ್ತುತ್ತ ಇಳಿಯುವ ಆ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾಪಕ ತರಬೇತಿ ಇಲ್ಲದ 20 ಮಂದಿಯನ್ನು ಹೊರಗೇನೂ ಕಾಣದ ಸ್ಥಿತಿಯಲ್ಲಿ ಹಾರಲು ಬಿಟ್ಟಾಗ ಎಲ್ಲರೂ ನಿಯಂತ್ರಣ ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲ ಸರಾಸರಿ 178 ಸೆಕೆಂಡು.

ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಮಾಪಕಗಳನ್ನಷ್ಟೇ ನೋಡಿ ಹಾರಲು ಪರವಾನಗಿಗೆ ಸೇರಿಸುವ ಅನುಮತಿ, ಪಡೆಯಲು ಬೇಕಾದ ಗಂಟೆಗಳನ್ನು ಆಯಾ ದೇಶದ ನಿಯಂತ್ರಣ ಸಂಸ್ಥೆ ನಿಗದಿಪಡಿಸುತ್ತದೆ. ಪ್ರಧಾನ ಪೈಲಟ್ ಆಗಿ 50 ಗಂಟೆಗಳ ದೂರ ಪ್ರಯಾಣ ಮತ್ತು 40 ಗಂಟೆಗಳ ಮಾಪಕ ಹಾರಾಟ ಎಂಬುದು ಹಲವೆಡೆ ಕಾಣುವ ಅಳತೆ. ಎರಡನೆಯದರಲ್ಲಿ ಒಂದು ಭಾಗವನ್ನು ಸಿಮ್ಯುಲೇಟರಿನಲ್ಲಿ ಪೂರೈಸಬಹುದು. ಮೊದಲ ಪಾಠಗಳಿಗೆ ಸಿಮ್ಯುಲೇಟರೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ತಪ್ಪು ನಡೆದ ಕ್ಷಣದಲ್ಲೇ ಹಾರಾಟವನ್ನು ನಿಲ್ಲಿಸಿ ಮಾತನಾಡುವ ಅನುಕೂಲ ಆಕಾಶದಲ್ಲಿ ಸಿಗುವುದಿಲ್ಲ.

ರೇಡಿಯೊ ಸಂಕೇತಗಳನ್ನು ಹಿಡಿದು ದಾರಿ ಕಂಡುಕೊಳ್ಳುವುದನ್ನು ಕಲಿಯುವ ಆತುರವನ್ನು ಸ್ವಲ್ಪ ತಡೆಹಿಡಿದು, ಮೊದಲು ನಿಮ್ಮ ವಿಮಾನದ ಒಂದು ಪಟ್ಟಿಯನ್ನು ನೀವೇ ತಯಾರಿಸಿಕೊಳ್ಳಿ. ಏರುವಾಗ, ಸಮಮಟ್ಟದಲ್ಲಿ ಸಾಗುವಾಗ, ನಿಧಾನವಾಗಿ ಇಳಿಯುವಾಗ, ರನ್‌ವೇ ಕಡೆಗೆ ಇಳಿದು ಬರುವಾಗ ಎಂಜಿನ್‌ಗೆ ಎಷ್ಟು ಶಕ್ತಿ ಕೊಟ್ಟು ಮೂಗನ್ನು ಎಷ್ಟು ಡಿಗ್ರಿಯಲ್ಲಿಟ್ಟರೆ ಯಾವ ವೇಗ, ಯಾವ ಏರಿಳಿತದ ದರ ಸಿಗುತ್ತದೆ ಎಂಬುದನ್ನು ಶುಭ್ರ ಹವೆಯ ದಿನ ಹಾರಿ, ಅಳೆದು, ಬರೆದಿಡಿ. ಈ ಅಂಕಿಗಳು ಬಾಯಿಪಾಠವಾದವರು ವೇಗಮಾಪಕದ ಮುಳ್ಳನ್ನು ಬೆನ್ನಟ್ಟುವುದಿಲ್ಲ. ಬೇಕಾದ ಶಕ್ತಿ ಮತ್ತು ಕೋನವನ್ನು ಇಟ್ಟು, ಮುಳ್ಳು ತಾನಾಗಿ ಅಲ್ಲಿಗೆ ಬರುವುದನ್ನು ಕಾಯುತ್ತಾರೆ. ಟ್ರಿಮ್ (ಕೈಬಲವಿಲ್ಲದೆ ಕಂಟ್ರೋಲ್ ಇಟ್ಟಲ್ಲೇ ನಿಲ್ಲುವಂತೆ ಮಾಡುವ ಹೊಂದಾಣಿಕೆ) ಸರಿಯಾಗಿದ್ದರೆ ಕಂಟ್ರೋಲನ್ನು ಎರಡು ಬೆರಳುಗಳಲ್ಲಿ ಹಿಡಿದರೂ ಸಾಕು. ಮುಷ್ಟಿ ಬಿಗಿಯಾಗಿದೆ ಎಂದರೆ ಟ್ರಿಮ್ ಬಾಕಿಯಿದೆ ಎಂದೇ ತಿಳಿಯಿರಿ.

ಆಮೇಲಿನದು ಕಣ್ಣಿನ ಅಭ್ಯಾಸ. ಮೂಗಿನ ಏರಿಳಿತವನ್ನೂ ರೆಕ್ಕೆಗಳ ವಾಲಿಕೆಯನ್ನೂ ತೋರಿಸುವ ಕೃತಕ ದಿಗಂತವನ್ನು ಕೇಂದ್ರವಾಗಿಟ್ಟುಕೊಂಡು, ಅಲ್ಲಿಂದ ಎತ್ತರಮಾಪಕಕ್ಕೆ, ಮರಳಿ ಕೇಂದ್ರಕ್ಕೆ, ಅಲ್ಲಿಂದ ದಿಕ್ಕುಮಾಪಕಕ್ಕೆ, ಮತ್ತೆ ಕೇಂದ್ರಕ್ಕೆ, ಹೀಗೆ ನೋಟ ಎಲ್ಲೂ ತಂಗದೆ ಸುತ್ತುತ್ತಿರಬೇಕು. ಹೊಸಬರು ಸಾಮಾನ್ಯವಾಗಿ ಎಡವುವುದು ಒಂದೇ ಮಾಪಕಕ್ಕೆ ಕಣ್ಣು ಅಂಟಿಸಿಕೊಳ್ಳುವುದರಲ್ಲಿ: ನೂರು ಅಡಿ ತಪ್ಪಿದ ಎತ್ತರವನ್ನು ಸರಿಪಡಿಸುವ ಹೊತ್ತಿಗೆ ದಿಕ್ಕು ಇಪ್ಪತ್ತು ಡಿಗ್ರಿ ಜಾರಿರುತ್ತದೆ. ತಿರುವುಗಳನ್ನು ಸೆಕೆಂಡಿಗೆ 3 ಡಿಗ್ರಿಯ ಪ್ರಮಾಣಿತ ದರದಲ್ಲೇ ಮಾಡಿ. ಪೂರ್ಣ ಸುತ್ತಿಗೆ ಎರಡು ನಿಮಿಷ ಬೇಕಾಗುತ್ತದೆ, ಮತ್ತು 100 ನಾಟ್ (ಗಂಟೆಗೆ ಸುಮಾರು 185 ಕಿ.ಮೀ.) ವೇಗದಲ್ಲಿ ಸುಮಾರು 15 ಡಿಗ್ರಿ ವಾಲಿಕೆ ಸಾಕು. ಅರಿಯದೆ ಮೋಡದೊಳಗೆ ನುಗ್ಗಿದಾಗ ಇದೇ ದರದಲ್ಲಿ ಒಂದು ನಿಮಿಷ ತಿರುಗಿದರೆ ಬಂದ ದಾರಿಗೆ ಅಭಿಮುಖವಾಗುತ್ತೀರಿ. ರೇಟಿಂಗ್ ಬೇಡವೆನ್ನುವ ಪೈಲಟ್ ಕೂಡ ಇಷ್ಟನ್ನಾದರೂ ಬೋಧಕರೊಡನೆ ರೂಢಿಸಿಕೊಳ್ಳಬೇಕು.

ಅಭ್ಯಾಸಕ್ಕೆ ಹೊರನೋಟವನ್ನು ಮರೆಮಾಡುವ ಹುಡ್ ಅಥವಾ ವಿಶೇಷ ಕನ್ನಡಕವನ್ನು ಬಳಸುತ್ತಾರೆ, ಮತ್ತು ಹೊರಗಡೆ ಕಣ್ಣಿಡಲು ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರಲೇಬೇಕು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕುಳಿತು ಕೇವಲ ಮಾಪಕಗಳ ನೆರವಿನಿಂದ ಮೇಲೇರಿ, ಸುತ್ತಿ, ಇಳಿದು ತೋರಿಸಿದಾಗಲೂ ಮುಂದಿನ ಆಸನದಲ್ಲಿ ಬೆನ್ ಕೆಲ್ಸಿ ಕಾವಲಿಗಿದ್ದರು. ಆದರೆ ಹುಡ್ ಪೂರ್ತಿ ಪ್ರಾಮಾಣಿಕವಲ್ಲ. ಅದರ ಅಂಚಿನಿಂದ ಇಣುಕುವ ಬಿಸಿಲು, ಸರಿಯುವ ನೆರಳು ಇವು ಗೊತ್ತಿಲ್ಲದೆಯೇ ನೆರವಾಗುತ್ತವೆ. ಆದ್ದರಿಂದ ಕೆಲವು ಗಂಟೆಗಳನ್ನಾದರೂ ಬೋಧಕರೊಂದಿಗೆ ನಿಜವಾದ ಮೋಡದೊಳಗೇ ಕಳೆಯಬೇಕೆಂದು ಹಟಹಿಡಿಯಿರಿ.

ಮಾಪಕಗಳನ್ನು ನಂಬಬೇಕೆಂದರೆ ಕಣ್ಣುಮುಚ್ಚಿ ನಂಬಬೇಕೆಂದಲ್ಲ. ಹಳೆಯ ಬಗೆಯ ಫಲಕದಲ್ಲಿ ಕೃತಕ ದಿಗಂತವೂ ದಿಕ್ಕುಮಾಪಕವೂ ನಿರ್ವಾತ ಪಂಪ್‌ನಿಂದ ನಡೆಯುತ್ತವೆ. ಪಂಪ್ ಕೆಟ್ಟರೆ ಅವು ತಟ್ಟನೆ ನಿಲ್ಲದೆ ಮೆಲ್ಲಗೆ ವಾಲತೊಡಗುತ್ತವೆ, ಅಪಾಯವಿರುವುದೇ ಅಲ್ಲಿ. ಸಾಮಾನ್ಯವಾಗಿ ವಿದ್ಯುತ್ತಿನಿಂದ ನಡೆಯುವ ತಿರುವುಮಾಪಕದ ಮಾತಿಗೂ ಕೃತಕ ದಿಗಂತದ ಮಾತಿಗೂ ತಾಳೆಯಾಗದಿದ್ದರೆ ಮೂರನೆಯ ಸಾಕ್ಷಿಯಾಗಿ ಅಯಸ್ಕಾಂತ ದಿಕ್ಸೂಚಿಯನ್ನು ನೋಡಬೇಕು. ಎದುರು ಬರುವ ಗಾಳಿಯ ಒತ್ತಡವನ್ನು ವೇಗಮಾಪಕಕ್ಕೆ ಮುಟ್ಟಿಸುವ ಪಿಟೊ ನಳಿಕೆಯ ಬಾಯಿಯೂ ನೀರು ಹೋಗುವ ರಂಧ್ರವೂ ಮಂಜುಗಡ್ಡೆಯಿಂದ ಮುಚ್ಚಿಕೊಂಡರೆ ವೇಗಮಾಪಕ ಎತ್ತರಮಾಪಕದಂತೆ ವರ್ತಿಸಿ, ಏರಿದಷ್ಟೂ ಹೆಚ್ಚು ವೇಗ ತೋರಿಸುತ್ತದೆ. ಅದನ್ನು ನಂಬಿ ಮೂಗೆತ್ತಿದರೆ ವಿಮಾನ ಸ್ಟಾಲ್ ಆಗಬಹುದು, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳಬಹುದು. ಬೋಧಕರು ಕೆಲವು ಮಾಪಕಗಳನ್ನು ಮುಚ್ಚಿ ಹಾರಿಸುವ ಪಾಠ ಬೇಸರ ತರಿಸಿದರೂ ಅದನ್ನು ತಪ್ಪಿಸಿಕೊಳ್ಳಬೇಡಿ.

ಇಷ್ಟಾದ ಮೇಲೆ ರೇಡಿಯೊ ಮಾರ್ಗಗಳು, ಕಾಯುವ ಸುತ್ತುಗಳು (ಸರದಿ ಬರುವವರೆಗೆ ಒಂದೆಡೆ ಸುತ್ತುತ್ತಿರುವುದು), ಇಳಿದಾಣದ ಪದ್ಧತಿಗಳು ಅಷ್ಟೇನೂ ಕಷ್ಟವೆನಿಸುವುದಿಲ್ಲ. ರೇಡಿಯೊ ಕಿರಣಗಳಿಂದ ವಿಮಾನವನ್ನು ರನ್‌ವೇಗೆ ಇಳಿಸಿ ತರುವ ಐಎಲ್ಎಸ್ ವ್ಯವಸ್ಥೆಯ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ ಇರುವುದರಿಂದ, ನೆಲದ ಮೇಲಿನ ವೇಗವನ್ನು ನಾಟ್‌ಗಳಲ್ಲಿ ತೆಗೆದುಕೊಂಡು ಐದರಿಂದ ಗುಣಿಸಿದರೆ ಬೇಕಾದ ಇಳಿತದ ದರ ಸಿಗುತ್ತದೆ: 90 ನಾಟ್‌ಗೆ ನಿಮಿಷಕ್ಕೆ 450 ಅಡಿ. ಮೊದಲ ವರ್ಗದ ಐಎಲ್ಎಸ್‌ನಲ್ಲಿ ಸಾಮಾನ್ಯವಾಗಿ 200 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ದೀಪಗಳಾಗಲಿ ರನ್‌ವೇಯಾಗಲಿ ಕಾಣದಿದ್ದರೆ ಮರುಯೋಚನೆಯಿಲ್ಲದೆ ಮೇಲೇರಬೇಕು, ಮತ್ತು ಆ ನಿರ್ಧಾರವನ್ನು ಇಳಿಯಲು ಆರಂಭಿಸುವ ಮೊದಲೇ ಬಾಯಿಬಿಟ್ಟು ಹೇಳಿಕೊಂಡಿರಬೇಕು. ಒಳಗಿವಿ ಮತ್ತೆ ಕೈಕೊಡುವುದು ಇಲ್ಲಿಯೇ. ಪೂರ್ಣ ಶಕ್ತಿ ಕೊಟ್ಟಾಗ ವೇಗ ಹೆಚ್ಚುವ ರಭಸವು ಮೂಗು ವಿಪರೀತ ಮೇಲೆದ್ದಂತೆ ಭಾಸವಾಗಿಸುತ್ತದೆ, ಕೈ ತಾನಾಗಿ ಅದನ್ನು ಕೆಳಗೆ ತಳ್ಳಲು ಹೊರಡುತ್ತದೆ, ನೆಲವೋ 200 ಅಡಿಯಷ್ಟೇ ಕೆಳಗಿರುತ್ತದೆ. ಆದ್ದರಿಂದ ಮೊದಲು ಶಕ್ತಿ, ಜೊತೆಗೇ ಕೃತಕ ದಿಗಂತದ ಮೇಲೆ ಪಟ್ಟಿಯಲ್ಲಿರುವ ಏರುಕೋನ, ಎತ್ತರಮಾಪಕದ ಮುಳ್ಳು ಏರುತ್ತಿರುವುದು ಖಚಿತವಾದ ಮೇಲೆ ಫ್ಲ್ಯಾಪ್ (ಇಳಿಯಲು ರೆಕ್ಕೆಯ ಹಿಂಬದಿಯಲ್ಲಿ ಬಾಗಿಸಿದ ಪಟ್ಟಿಗಳು) ಒಳಗೆಳೆಯುವುದು, ರೇಡಿಯೊದಲ್ಲಿ ಮಾತು ಎಲ್ಲಕ್ಕಿಂತ ಕೊನೆಗೆ.

ಅಮೆರಿಕದ ನಿಯಮದಂತೆ ರೇಟಿಂಗ್ ಚಾಲ್ತಿಯಲ್ಲಿರಲು ಆರು ತಿಂಗಳಲ್ಲಿ ಆರು ಮಾಪಕ ಇಳಿತಗಳು, ಕಾಯುವ ಸುತ್ತು ಮತ್ತು ಮಾರ್ಗ ಹಿಡಿದು ಸಾಗುವ ಅಭ್ಯಾಸ ಆಗಿರಬೇಕು. ಇದು ಕನಿಷ್ಠ ಮಿತಿ, ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡುವುದು ಒಳ್ಳೆಯದು. ಗುಡುಗು ಮೋಡಗಳಿಗೂ, ಹಿಮ ಕಳಚುವ ಸಾಧನವಿಲ್ಲದ ವಿಮಾನದಲ್ಲಿ ಹಿಮಗಟ್ಟುವ ಮೋಡಗಳಿಗೂ ಈ ರೇಟಿಂಗ್ ಉತ್ತರವಲ್ಲ. ಒಬ್ಬರೇ ಹೊರಡುವ ಮೊದಲ ಕೆಲವು ಹಾರಾಟಗಳಿಗೆ, ಮೋಡದ ತಳವು ಇಳಿತದ ಕನಿಷ್ಠ ಮಿತಿಗಿಂತ ಸಾವಿರ ಅಡಿಯಾದರೂ ಮೇಲಿರುವ ಮತ್ತು ತುಂಬಿಸಿದ ಇಂಧನದಲ್ಲಿ ತಲುಪುವಷ್ಟು ಹತ್ತಿರದಲ್ಲಿ ಶುಭ್ರ ಆಕಾಶವಿರುವ ದಿನವನ್ನೇ ಆರಿಸಿಕೊಳ್ಳಿ.